ಹಳೆಯ ಗಾಡಿಗೆ ಕೈಬದಲಾದ ರೇಡಿಯೋ

ಸಕಲೇಶಪುರದಿಂದ ದಕ್ಷಿಣಕ್ಕೆ ಹೆತ್ತೂರು, ವಣಗೂರುಗಳನ್ನು ದಾಟಿ ಬಿಸಿಲೆ ಘಟ್ಟದ ಕಡೆಗೆ ಸಾಗುವ ಹಾದಿಯನ್ನು ಬಲ್ಲವರಿಗೆ ಆ ಸೀಮೆಯ ಮಳೆಗಾಲವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಆಷಾಢ ಶ್ರಾವಣಗಳಲ್ಲಿ ಒಂದು ಮರ ತಂತಿಯ ಮೇಲೆ ಉರುಳಿತೆಂದರೆ ಮನೆಯ ದೀಪ ಆರುತ್ತದೆ. ದೀಪ ಬಾರದೆ ಎರಡು ದಿನವಾಯಿತೆಂದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗಿ ಕೈಯಲ್ಲಿರುವ ಫೋನು ಮೂಕವಾಗುತ್ತದೆ. ಆಗ ಮನೆಯಲ್ಲಿ ವಿದ್ಯುತ್ತು ಉಳಿದಿರುವ ಸ್ಥಳ ಅನೇಕ ವೇಳೆ ಒಂದೇ. ಅದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಜೀಪಿನ ಬ್ಯಾಟರಿ.

2018ನೆಯ ಇಸವಿಯ ಆಗಸ್ಟಿನಲ್ಲಿ ಕೊಡಗು ಮತ್ತು ಸಕಲೇಶಪುರದ ಸೀಮೆಗಳಲ್ಲಿ ಗುಡ್ಡಗಳು ಜರಿದಾಗ ಶಿರಾಡಿ ಘಟ್ಟದ ಹೆದ್ದಾರಿ ಮುಚ್ಚಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲುದಾರಿಯ ಮೇಲೆ ಮಣ್ಣು ಕುಸಿದು ವಾರಗಟ್ಟಲೆ ಗಾಡಿ ಓಡಲಿಲ್ಲ. ಇಂಥ ದಿನಗಳಲ್ಲಿ ಯಾವ ಹಾದಿ ತೆರೆದಿದೆ, ಶಾಲೆಗೆ ರಜೆಯುಂಟೆ, ನಾಳೆಯ ಮಳೆ ಹೇಗೆ ಎಂಬ ಮೂರು ಮಾತು ಕಿವಿಗೆ ಬಿದ್ದರೆ ಗೃಹಸ್ಥನ ಅರ್ಧ ಚಿಂತೆ ನೀಗುತ್ತದೆ. ಮನೆಯಲ್ಲಿ ದಿನ ತುಂಬಿದ ಬಸುರಿಯಿದ್ದರೆ, ವೃದ್ಧರ ಔಷಧ ಮುಗಿಯುತ್ತ ಬಂದಿದ್ದರೆ, ಆ ಮೂರು ಮಾತಿನ ಬೆಲೆ ಇನ್ನೂ ಹೆಚ್ಚು. ಆದುದರಿಂದ ಮಲೆನಾಡಿನಲ್ಲಿ ಗಾಡಿಯ ರೇಡಿಯೋ ಕೇವಲ ಪದ ಕೇಳುವ ವಿಲಾಸವಸ್ತುವಲ್ಲ, ಆಪತ್ಕಾಲದಲ್ಲಿ ಅದು ಮನೆಯ ಕಿವಿ ಎಂಬುದು ನಮ್ಮ ಅಭಿಪ್ರಾಯ.

ಆದರೆ ಈ ಬೆಟ್ಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳಿಗೆ ರೇಡಿಯೋ ಎಂಬುದು ಹುಟ್ಟಿನಿಂದ ಬಂದ ಅಂಗವಲ್ಲ. ಹಳೆಯ ಫಿಯೆಟ್, ಅಂಬಾಸಡರ್, ಮಾರುತಿಗಳಲ್ಲಿ ಇದ್ದ ರೇಡಿಯೋಗಳೂ ಬಹುಪಾಲು ಮೂಕವಾಗಿವೆ. ಇತ್ತ ಹೊಸ ಕಾರು ಕೊಂಡವರು ಕಾರ್ಖಾನೆಯವರೇ ಕೂಡಿಸಿದ್ದ ರೇಡಿಯೋವನ್ನು ಕಳಚಿಹಾಕಿ ದೊಡ್ಡ ಪರದೆಯ ಯಂತ್ರವನ್ನು ಇಡಿಸುವುದು ವಾಡಿಕೆಯಾಗಿದೆ. ಹೀಗೆ ಕಳಚಿದವು, ಗುಜರಿಗೆ ಬಿದ್ದ ಕಾರುಗಳಿಂದ ಬಿಚ್ಚಿದವು, ಬೆಂಗಳೂರಿನ ಜೆ. ಸಿ. ರಸ್ತೆ, ಶಿವಾಜಿನಗರಗಳಂಥ ಪೇಟೆಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಕಾರ್ಖಾನೆಯ ರೇಡಿಯೋ ಸಾಮಾನ್ಯವಾಗಿ ಗಟ್ಟಿ ಸರಕು. ಧೂಳು, ಬಿಸಿಲು, ಕುಲುಕಾಟಗಳನ್ನು ವರ್ಷಗಟ್ಟಲೆ ತಾಳಬೇಕೆಂದೇ ಅದನ್ನು ರಚಿಸಿರುತ್ತಾರೆ. ಹಾಗಾದರೆ ತಂದು ಕೂಡಿಸಿದರಾಯಿತಲ್ಲವೆ ಎಂದು ವಾಚಕರು ಕೇಳಬಹುದು. ಆಗಲಾರದು. ಒಂದು ಗಾಡಿಗೆಂದು ಹುಟ್ಟಿದ ಯಂತ್ರ ಬೇರೊಂದು ಗಾಡಿಯಲ್ಲಿ ಬಾಳಬೇಕಾದರೆ, ಸಂಬಂಧ ಬೆಳೆಸುವ ಮುನ್ನ ಕುಲಗೋತ್ರ ವಿಚಾರಿಸುವಂತೆ, ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳತಕ್ಕದ್ದು. ಹಣ ಕೊಡುವುದು ಆ ಬಳಿಕ.

ಮೋಟಾರಿನಲ್ಲಿ ರೇಡಿಯೋ ನುಡಿಸುವ ಪ್ರಯತ್ನ ಹೊಸದಲ್ಲ. ಅಮೆರಿಕೆಯಲ್ಲಿ ಗ್ಯಾಲ್ವಿನ್ ಸೋದರರು 1930ರಲ್ಲಿ ‘ಮೊಟೊರೋಲಾ’ ಎಂಬ ಹೆಸರಿನ ಕಾರುರೇಡಿಯೋವನ್ನು ಮಾರಾಟಕ್ಕೆ ತಂದರು. ನಮ್ಮಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಆ ಕಾಲದ ರೇಡಿಯೋಗಳಲ್ಲಿ ಗಾಜಿನ ವಾಲ್ವುಗಳಿದ್ದವು. ಅವುಗಳಿಗೆ ಕಾರಿನ ಬ್ಯಾಟರಿಯ 6 ವೋಲ್ಟು ಒಂದೇ ಸಾಲದೆ, ‘ವೈಬ್ರೇಟರ್’ ಎಂಬ ಗುಂಯ್‌ಗುಡುವ ಸಾಧನದಿಂದ ಅದನ್ನು ಎಷ್ಟೋ ಪಾಲು ಏರಿಸಿ ಉಣಿಸಬೇಕಾಗಿತ್ತು. 1947ರ ಕೊನೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1955ರಲ್ಲಿ ಅಮೆರಿಕೆಯ ಕ್ರೈಸ್ಲರ್ ಕಂಪೆನಿಯು ಪೂರಾ ಟ್ರಾನ್ಸಿಸ್ಟರಿನ ಕಾರುರೇಡಿಯೋವನ್ನು ಹೊರತಂದ ಮೇಲೆ ಈ ತೊಡಕು ಕ್ರಮೇಣ ನೀಗಿತು. ಆದರೂ ಗಾಡಿಗೂ ರೇಡಿಯೋವಿಗೂ ಹೊಂದಿಕೆಯಾಗಬೇಕೆಂಬ ಮೂಲ ನಿಯಮ ಮಾತ್ರ ಬದಲಾಗಿಲ್ಲ.

ಮೊದಲನೆಯ ಪ್ರಶ್ನೆ ಬ್ಯಾಟರಿಯನ್ನು ಕುರಿತದ್ದು. ಈಚಿನ ಕಾರುರೇಡಿಯೋಗಳೆಲ್ಲವೂ 12 ವೋಲ್ಟಿನವು, ಮತ್ತು ಬ್ಯಾಟರಿಯ ಋಣ ತುದಿಯು, ಅಂದರೆ ಮೈನಸ್ಸು, ಗಾಡಿಯ ಲೋಹದ ಮೈಗೆ ಸೇರಿದೆಯೆಂದು ನಂಬಿ ರಚಿತವಾದವು. ಯುದ್ಧಕಾಲದ ವಿಲ್ಲೀಸ್ ಜೀಪುಗಳು 6 ವೋಲ್ಟಿನವು. ಅವುಗಳಲ್ಲಿ 12 ವೋಲ್ಟಿನ ರೇಡಿಯೋ ನುಡಿಯಬೇಕಾದರೆ ಒತ್ತಡವನ್ನು ಏರಿಸುವ ಒಂದು ಪರಿವರ್ತಕ ನಡುವೆ ಇರಲೇಬೇಕು. ಮಾರಿಸ್ ಮೈನರ್ ಮೊದಲಾದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ 1960ರ ದಶಕದವರೆಗೂ ಧನ ತುದಿಯೇ, ಅಂದರೆ ಪ್ಲಸ್ಸೇ, ಮೈಗೆ ಸೇರಿರುತ್ತಿತ್ತು. ಇಂಥ ಗಾಡಿಯ ಡ್ಯಾಷ್‌ಬೋರ್ಡಿಗೆ ಇಂದಿನ ರೇಡಿಯೋವಿನ ಲೋಹದ ಪೆಟ್ಟಿಗೆಯನ್ನು ತಿರುಪಿನಿಂದ ಬಿಗಿದು ತಂತಿ ಕೊಟ್ಟ ಕ್ಷಣವೇ ಬ್ಯಾಟರಿಯ ಎರಡು ತುದಿಗಳೂ ಒಂದನ್ನೊಂದು ಮುಟ್ಟಿದಂತಾಗುತ್ತದೆ. ಫ್ಯೂಸು ಇಲ್ಲದಿದ್ದರೆ ತಂತಿ ಕೆಂಪಗೆ ಕಾದು ಹೊಗೆಯೇಳುವುದು ನಿಶ್ಚಯ. ಇದಕ್ಕೆ ಪರಿಹಾರ ಎರಡು. ಒಳಬರುವ ಹೊರಹೋಗುವ ಸುತ್ತುಗಳಿಗೆ ಪರಸ್ಪರ ಸಂಪರ್ಕವಿಲ್ಲದ ಪರಿವರ್ತಕವನ್ನು ಇಡುವುದು ಒಂದು. ನುರಿತ ಆಟೋ ಎಲೆಕ್ಟ್ರಿಷಿಯನ್ನನಿಂದ ಗಾಡಿಯ ಧ್ರುವಗಳನ್ನೇ ಬದಲಾಯಿಸಿ, ಡೈನಮೋವನ್ನೂ ಅದಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಮನೆಯಲ್ಲಿ ಮಾಡುವ ಕೆಲಸವಲ್ಲ.

ತೋಟದ ಲಾರಿಯುಳ್ಳವರಿಗೆ ಇನ್ನೊಂದು ಮಾತು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಸೇರಿಸಿ 24 ವೋಲ್ಟು ಪಡೆದಿರುತ್ತಾರೆ. ಒಂದೇ ಬ್ಯಾಟರಿಯಿಂದ 12 ವೋಲ್ಟನ್ನು ಕದ್ದು ರೇಡಿಯೋವಿಗೆ ಕೊಡುವ ಸುಲಭೋಪಾಯ ಕೆಲವರಿಗೆ ಹೊಳೆಯುತ್ತದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಹಸಿದು ಮತ್ತೊಂದು ಸದಾ ಅತಿಯಾಗಿ ಉಂಡು, ಎರಡೂ ಕಾಲಕ್ಕೆ ಮುಂಚೆಯೇ ಕೆಡುತ್ತವೆ. ಒತ್ತಡ ಇಳಿಸುವ ಪರಿವರ್ತಕವೇ ಅಲ್ಲಿ ಯೋಗ್ಯ.

ಎರಡನೆಯ ಪ್ರಶ್ನೆಯನ್ನು ಕೊಳ್ಳುವವರು ಬಹುಮಟ್ಟಿಗೆ ಕೇಳುವುದೇ ಇಲ್ಲ. ಈ ರೇಡಿಯೋ ನಮ್ಮ ಕೇಂದ್ರವನ್ನು ಹಿಡಿಯಬಲ್ಲುದೆ? ಹೆತ್ತೂರಿಗೆ ಈಶಾನ್ಯದಲ್ಲಿ ಹಾಸನ, ದಕ್ಷಿಣದಲ್ಲಿ ಮಡಿಕೇರಿ. ಹಾಸನದ ಆಕಾಶವಾಣಿಯ ಎಫ್. ಎಂ. ನೆಲೆ 102.2 ಮೆಗಾಹರ್ಟ್ಸ್, ಮಡಿಕೇರಿಯದು 103.1. ಜಪಾನು ದೇಶದಲ್ಲಿ ಎಫ್. ಎಂ. ಪಟ್ಟಿ 76ರಿಂದ ಆರಂಭವಾಗಿ ಬಹುಕಾಲ 90ಕ್ಕೇ ಮುಗಿಯುತ್ತಿತ್ತು. ಆ ದೇಶದ ಬಳಕೆಗೆಂದು ಮಾಡಿದ ರೇಡಿಯೋ ಎಷ್ಟೇ ಉತ್ತಮವಾಗಿದ್ದರೂ ಅದರ ಮುಳ್ಳು ಹಾಸನವನ್ನೂ ಮುಟ್ಟಲಾರದು, ಮಡಿಕೇರಿಯನ್ನೂ ಮುಟ್ಟಲಾರದು. ಅಮೆರಿಕೆಯ ರೇಡಿಯೋವಿನದು ಇನ್ನೊಂದು ವಿಚಿತ್ರ. ಅಂಕಿ ತೋರುವ ಅಲ್ಲಿನ ಯಂತ್ರಗಳು 102.1, 102.3 ಎಂದು ಎರಡೆರಡು ಹತ್ತಾಂಶಗಳನ್ನು ಜಿಗಿಯುತ್ತ ಹೋಗುತ್ತವೆ. ಮಡಿಕೇರಿಯ 103.1 ಆ ಮೆಟ್ಟಿಲುಗಳಲ್ಲಿ ಸಿಕ್ಕುತ್ತದೆ, ಹಾಸನದ 102.2 ಮೆಟ್ಟಿಲುಗಳ ನಡುವೆ ಜಾರಿಹೋಗುತ್ತದೆ! ಮಧ್ಯಮ ತರಂಗದಲ್ಲಿಯೂ ಹೀಗೆಯೇ. ನಮ್ಮಲ್ಲಿ ಕೇಂದ್ರಗಳು 9 ಕಿಲೋಹರ್ಟ್ಸಿನ ಅಂತರದಲ್ಲಿವೆ, ಅಮೆರಿಕೆಯಲ್ಲಿ 10ರ ಅಂತರದಲ್ಲಿ. ಬೆಂಗಳೂರು ಕೇಂದ್ರದ ಹೆಸರಾಂತ 612 ಎಂಬ ಅಂಕಿ ಅಲ್ಲಿನ ಯಂತ್ರಕ್ಕೆ ಅಪರಿಚಿತ. ಕೆಲವು ಯಂತ್ರಗಳಲ್ಲಿ ದೇಶವನ್ನು ಬದಲಾಯಿಸುವ ಗುಂಡಿಯೋ ಗುಪ್ತಕ್ರಮವೋ ಇರುವುದುಂಟು. ಅದು ಇದೆಯೆಂದು ಅಂಗಡಿಯಲ್ಲಿಯೇ ಮಾಡಿ ತೋರಿಸಿದರೆ ಮಾತ್ರ ನಂಬತಕ್ಕದ್ದು.

ಇದಲ್ಲದೆ, ಎಫ್. ಎಂ. ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವಂಥವು. ನಡುವೆ ಗುಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ ಸ್ಫುಟವಾಗಿ ಕೇಳಿದ ಹಾಸನವು ಹಳ್ಳದ ಬದಿಯ ಮನೆಯಲ್ಲಿ ಬರಿಯ ಬುಸುಗುಟ್ಟುವ ಸದ್ದಾಗಬಹುದು. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಬಳುಕುತ್ತ ಬರುವುದರಿಂದ ಗುಡ್ಡಗಳಿಗೆ ಅಷ್ಟು ಅಂಜುವುದಿಲ್ಲ. ರಾತ್ರಿಯ ಹೊತ್ತು ಅದು ಆಕಾಶದ ಮೇಲ್ಪದರಕ್ಕೆ ತಗಲಿ ಮರಳಿ, ದೂರದ ಊರುಗಳ ನುಡಿಯನ್ನೂ ತಂದುಕೊಡುತ್ತದೆ. ಆದರೆ ಮಧ್ಯಮ ತರಂಗದ ಪ್ರಸಾರ ದೇಶದಲ್ಲಿ ವರ್ಷ ವರ್ಷಕ್ಕೆ ಕಡಮೆಯಾಗುತ್ತ ಬಂದಿದೆ. ಆದಕಾರಣ ಎರಡು ಪಟ್ಟಿಗಳೂ ಇರುವ ರೇಡಿಯೋವನ್ನೇ ಆರಿಸುವುದು ಮೇಲು. ಕೊಳ್ಳುವ ಮುನ್ನ ಒಂದು ಸಣ್ಣ ಜೇಬುರೇಡಿಯೋವನ್ನು ಎರವಲು ತಂದು ತಮ್ಮ ಅಂಗಳದಲ್ಲಿ, ಗಾಡಿ ನಿಲ್ಲುವ ಜಾಗದಲ್ಲಿಯೇ, ಯಾವ ಕೇಂದ್ರ ಬರುತ್ತದೆಂದು ನೋಡಿಕೊಂಡರೆ ಆಮೇಲೆ ಪಶ್ಚಾತ್ತಾಪಕ್ಕೆ ಎಡೆಯಿರದು.

ಮೂರನೆಯದು ಬೀಗದ ವಿಚಾರ. ಕಳ್ಳತನವನ್ನು ತಡೆಯಲೆಂದು ಅನೇಕ ಕಾರ್ಖಾನೆಯ ರೇಡಿಯೋಗಳಿಗೆ ಗುಪ್ತಸಂಖ್ಯೆಯ ಬೀಗವನ್ನು ಇಟ್ಟಿರುತ್ತಾರೆ. ಬ್ಯಾಟರಿಯ ಸಂಬಂಧ ಒಮ್ಮೆ ತಪ್ಪಿತೆಂದರೆ ಯಂತ್ರವು ಸಾಮಾನ್ಯವಾಗಿ ನಾಲ್ಕು ಅಂಕಿಗಳ ಆ ಸಂಖ್ಯೆಯನ್ನು ಕೇಳುತ್ತದೆ. ತಪ್ಪು ಸಂಖ್ಯೆಯನ್ನು ಮತ್ತೆ ಮತ್ತೆ ಒತ್ತಿದರೆ ಮುನಿದು ಬಹಳ ಹೊತ್ತು ಸುಮ್ಮನಾಗಿಬಿಡುತ್ತದೆ. ಹಿಂದಿನ ಒಡೆಯನ ಕಾಗದಪತ್ರಗಳೊಡನೆ ಆ ಸಂಖ್ಯೆಯ ಚೀಟಿ ಇರುತ್ತದೆ. ಚೀಟಿಯೂ ಇಲ್ಲ, ರಸೀದಿಯೂ ಇಲ್ಲ ಎನ್ನುವ ಸರಕನ್ನು ಮುಟ್ಟದಿರುವುದು ಎರಡು ಕಾರಣಗಳಿಂದ ಒಳ್ಳೆಯದು. ಅದು ನುಡಿಯದಿರಬಹುದು ಎಂಬುದು ಒಂದು. ನುಡಿದರೂ ಮತ್ತೊಬ್ಬ ಗೃಹಸ್ಥನ ಗಾಜು ಒಡೆದು ತಂದದ್ದಾಗಿರಬಹುದು ಎಂಬುದು ಇನ್ನೊಂದು. ಇನ್ನು ತೀರ ಈಚಿನ ಕಾರುಗಳ ರೇಡಿಯೋಗಳು ತಮ್ಮ ಗಾಡಿಯ ಗಣಕದೊಡನೆ ಸದಾ ಮಾತಾಡುತ್ತಿರುತ್ತವೆ. ಅದರ ಅಪ್ಪಣೆ ಬಾರದೆ ಎಚ್ಚರಗೊಳ್ಳುವುದೇ ಇಲ್ಲ. ಹಳೆಯ ಜೀಪಿನಲ್ಲಿ ಅಂಥ ಅಪ್ಪಣೆ ಕೊಡುವವರಾರು? ಆದುದರಿಂದ ಹೊಸದಾದಷ್ಟೂ ಒಳ್ಳೆಯದೆಂಬ ಪೇಟೆಯ ಮಾತು ಇಲ್ಲಿ ಸಲ್ಲದು. ಕೀಲಿ ತಿರುವಿದಾಗ ಬರುವ ವಿದ್ಯುತ್ತಿನಿಂದಲೇ ಎಚ್ಚರಗೊಳ್ಳುವ, ಗಣಕದ ಹಂಗಿಲ್ಲದ ಸರಳವಾದ ಯಂತ್ರವೇ ನಮ್ಮ ಕೆಲಸಕ್ಕೆ ತಕ್ಕುದು.

ನಾಲ್ಕನೆಯದು ತಂತಿಗಳ ವಿಚಾರ. ಬಿಡಿಯಾಗಿ ಮಾರುವ ರೇಡಿಯೋಗಳಲ್ಲಿ ಹಳದಿ ತಂತಿ ಬ್ಯಾಟರಿಯಿಂದ ನೇರವಾಗಿ ಬರುವುದು, ಕೆಂಪು ಕೀಲಿಯ ಮೂಲಕ ಬರುವುದು, ಕಪ್ಪು ಗಾಡಿಯ ಮೈಗೆ ಹೋಗುವುದು ಎಂಬ ರೂಢಿಯುಂಟು. ಕಾರ್ಖಾನೆಯ ರೇಡಿಯೋಗಳು ಈ ರೂಢಿಗೆ ಕಟ್ಟುಬಿದ್ದಿಲ್ಲ, ಪ್ರತಿಯೊಂದು ಕಂಪೆನಿಗೂ ಬೇರೆ ಬೇರೆ ಬಣ್ಣಗಳುಂಟು. ಕೆಲವು ಐರೋಪ್ಯ ಗಾಡಿಗಳಲ್ಲಿ ನೇರ ತಂತಿಯ ಮತ್ತು ಕೀಲಿಯ ತಂತಿಯ ಸ್ಥಾನಗಳು ಅದಲುಬದಲಾಗಿರುತ್ತವೆ. ಆದಕಾರಣ ಬಣ್ಣವನ್ನು ನಂಬದೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ನಕ್ಷೆಯನ್ನೇ ನಂಬಬೇಕು. ಕೊಳ್ಳುವಾಗ, ಹಳೆಯ ಕಾರಿನಿಂದ ಕತ್ತರಿಸಿದ ತಂತಿಗೊಂಚಲನ್ನು ಅದರ ಪ್ಲಗ್ಗಿನ ಸಮೇತ ಕೇಳಿ ತೆಗೆದುಕೊಳ್ಳಬೇಕು. ಗೊಂಚಲಿಲ್ಲದ ರೇಡಿಯೋ ತೊಟ್ಟಿಲ್ಲದ ಕಾಯಿಯಂತೆ, ಹಿಡಿಯಲು ಆಧಾರವೇ ಇರದು.

ಹಳೆಯ ಗಾಡಿಗಳಲ್ಲಿ ಅತ್ಯಂತ ಹೆಚ್ಚು ಯಂತ್ರಗಳು ಸಾಯುವುದು ಸ್ಪೀಕರಿನ ತಂತಿಯಿಂದ. ಹಿಂದಿನ ಕ್ರಮದಲ್ಲಿ ಸ್ಪೀಕರಿಗೆ ಒಂದು ತಂತಿ ಕೊಟ್ಟು, ಇನ್ನೊಂದು ತುದಿಯನ್ನು ಗಾಡಿಯ ಮೈಗೇ ಸೇರಿಸಿಬಿಡುತ್ತಿದ್ದರು. ಈಚಿನ ರೇಡಿಯೋಗಳಲ್ಲಿ ಸ್ಪೀಕರಿನ ಎರಡು ತಂತಿಗಳೂ ಜೀವಂತ. ಎರಡರಲ್ಲಿಯೂ ಬ್ಯಾಟರಿಯ ಒತ್ತಡದ ಸುಮಾರು ಅರ್ಧದಷ್ಟು ಸದಾ ನಿಂತಿರುತ್ತದೆ. ಅವುಗಳಲ್ಲಿ ಒಂದನ್ನು ಮೈಗೆ ಮುಟ್ಟಿಸಿದರೆ ಒಳಗಿನ ಧ್ವನಿವರ್ಧಕ ಸುಟ್ಟುಹೋಗಬಹುದು. ಆದುದರಿಂದ ಹಳೆಯ ತಂತಿಯನ್ನು ಬಿಟ್ಟು, ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ತಂತಿಗಳನ್ನು ಎಳೆಯತಕ್ಕದ್ದು. 4 ಓಮಿನ ಸ್ಪೀಕರುಗಳೆರಡನ್ನು ಒಂದೇ ಜೋಡಿ ತಂತಿಗೆ ಅಕ್ಕಪಕ್ಕದಲ್ಲಿ ಸೇರಿಸಿದರೆ ತಡೆ 2 ಓಮಿಗೆ ಇಳಿದು ಯಂತ್ರ ಕಾದುಹೋಗುತ್ತದೆ. ಅದನ್ನೂ ಮಾಡಕೂಡದು.

ಗಾಡಿಗೆ ಕೂಡಿಸುವ ಮುನ್ನ ಮೇಜಿನ ಮೇಲೆ ಪರೀಕ್ಷಿಸುವ ಒಂದು ಸುಲಭವಾದ ಕ್ರಮವನ್ನು ಇಲ್ಲಿ ಹೇಳುವೆವು. 12 ವೋಲ್ಟಿನ ಬ್ಯಾಟರಿಗೂ ರೇಡಿಯೋವಿಗೂ ನಡುವೆ, ಧನ ತಂತಿಯಲ್ಲಿ, ಗಾಡಿಯ ಬ್ರೇಕ್ ದೀಪದ 21 ವಾಟಿನ ಬಲ್ಬೊಂದನ್ನು ಸಾಲಾಗಿ ಸೇರಿಸಬೇಕು. ರೇಡಿಯೋ ಆರೋಗ್ಯವಾಗಿದ್ದರೆ ಬಲ್ಬು ಮಂಕಾಗಿ ಮಿನುಗಿ, ಸಣ್ಣ ದನಿಯಲ್ಲಿ ಯಂತ್ರ ನುಡಿಯುತ್ತದೆ. ಒಳಗೆ ಎಲ್ಲಿಯಾದರೂ ತಂತಿಗಳು ಒಂದಕ್ಕೊಂದು ತಗಲಿದ್ದರೆ ಬಲ್ಬು ಪೂರ್ಣವಾಗಿ ಉರಿಯುತ್ತದೆ. ಆಗಲೂ ಎರಡು ಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯಲಾರದಾದ್ದರಿಂದ ಬೆಂಕಿಯ ಭಯವಿಲ್ಲ. ಕೆಲವೇ ರೂಪಾಯಿಯ ಬಲ್ಬು ಹೀಗೆ ಸಾವಿರಾರು ರೂಪಾಯಿಯ ಯಂತ್ರವನ್ನು ಕಾಯುತ್ತದೆ. ಗಾಡಿಯಲ್ಲಿ ಕೂಡಿಸುವಾಗ ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸನ್ನು ಇಡಬೇಕು. ರೇಡಿಯೋವಿನ ಬಳಿ ಮಾತ್ರ ಫ್ಯೂಸಿದ್ದರೆ ನಡುದಾರಿಯಲ್ಲಿ ತಗಡಿನ ಅಂಚಿಗೆ ಉಜ್ಜಿ ಹರಿದ ತಂತಿಯನ್ನು ಅದು ರಕ್ಷಿಸಲಾರದು.

ಐದನೆಯದು ಏರಿಯಲ್ ಮತ್ತು ಕರಕರೆ. ಎಫ್. ಎಂ. ಅಲೆಯ ಕಾಲುಭಾಗದಷ್ಟು ಉದ್ದದ ಕಡ್ಡಿ ಏರಿಯಲ್ಲಿಗೆ ಪ್ರಶಸ್ತ. 102.2ಕ್ಕೆ ಅದು ಸುಮಾರು 73 ಸೆಂಟಿಮೀಟರು. ಕಡ್ಡಿಯ ಬುಡದಲ್ಲಿ ಬಣ್ಣವನ್ನು ಕೆರೆದು, ಅದರ ಹೊರಕವಚ ಗಾಡಿಯ ಲೋಹಕ್ಕೆ ಚೆನ್ನಾಗಿ ತಗಲುವಂತೆ ಬಿಗಿಯಬೇಕು. ಹೆತ್ತೂರಿನ ತೇವದಲ್ಲಿ ಅಲ್ಲಿ ತುಕ್ಕು ಬೇಗ ಹಿಡಿಯುವುದರಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ ಒರಸಿ ಗ್ರೀಸು ಹಚ್ಚುವುದು ಲೇಸು. ಕೆಲವು ಕಾರ್ಖಾನೆಯ ರೇಡಿಯೋಗಳ ಏರಿಯಲ್ ತೂತು ಹಳೆಯ ಪ್ಲಗ್ಗಿಗೆ ಹೊಂದುವುದಿಲ್ಲ. ಅದಕ್ಕೆ ತಕ್ಕ ಜೋಡಣೆಯ ತುಂಡು ಪೇಟೆಯಲ್ಲಿ ಸಿಕ್ಕುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಓಡಿದೊಡನೆ ಟಕಟಕ ಸದ್ದು ಕೇಳಿದರೆ ಅದು ಕಿಡಿಯಿಂದ ಹುಟ್ಟಿದ್ದು. ತಡೆಯುಳ್ಳ ಪ್ಲಗ್ ತಂತಿಗಳನ್ನು ಹಾಕಿ, ಇಗ್ನಿಷನ್ ಕಾಯಿಲಿನಲ್ಲಿ ಕೀಲಿಯ ಕಡೆಯಿಂದ ಬರುವ ತುದಿಗೆ ಒಂದು ಕಂಡೆನ್ಸರನ್ನು ಇಟ್ಟರೆ ತಗ್ಗುತ್ತದೆ. ಡೀಸೆಲ್ ಜೀಪಿನಲ್ಲಿ ಕಿಡಿಯಿಲ್ಲ. ಅಲ್ಲಿ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳಿನ ದನಿ ಕೇಳಿದರೆ ಆಲ್ಟರ್ನೇಟರನ್ನೂ, ಕಪ್ಪು ತಂತಿ ಮೈಗೆ ಸೇರುವ ಜಾಗವನ್ನೂ ಶಂಕಿಸಬೇಕು.

ಫಿಯೆಟ್ಟಿನಲ್ಲಿಯೋ ಅಂಬಾಸಡರಿನಲ್ಲಿಯೋ ಅಜ್ಜನ ಕಾಲದ ರೇಡಿಯೋ ಇನ್ನೂ ಕುಳಿತಿದ್ದರೆ ಅದನ್ನು ಕಿತ್ತು ಡ್ಯಾಷ್‌ಬೋರ್ಡನ್ನು ಕೊರೆಯಲು ಆತುರಪಡಬಾರದು. ಅಂಥವುಗಳಲ್ಲಿ ಬಹುಮಟ್ಟಿಗೆ ಕೆಟ್ಟಿರುವುದು ಒಣಗಿದ ಕಂಡೆನ್ಸರುಗಳು, ಧೂಳು ಹಿಡಿದ ಸ್ವಿಚ್ಚು, ಕಡಿದ ಮುಳ್ಳಿನ ದಾರ, ಇಷ್ಟೇ. ಬಲ್ಲ ರಿಪೇರಿಯವರಿಗೆ ಒಂದು ದಿನದ ಕೆಲಸ. ಮಧ್ಯಮ ತರಂಗ ಮಾತ್ರ ಇರುವ ಯಂತ್ರದ ಒಳಗೆ ಸಣ್ಣದೊಂದು ಎಫ್. ಎಂ. ಫಲಕವನ್ನು ಅಡಗಿಸಿಟ್ಟು ಹೊರಗಿನ ಮುಖವನ್ನು ಹಾಗೆಯೇ ಉಳಿಸಿಕೊಳ್ಳುವುದೂ ಸಾಧ್ಯ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಂಪ್ರತಿ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲದ ಆ ಯಂತ್ರವು ಮನೆತನದ ವಸ್ತು. ಆ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು, ಯಂತ್ರದ ಗೌರವ ರದ್ದಾಗಬೇಕಾಗಿಲ್ಲ.

ಕೊನೆಯದಾಗಿ ಮಿತವ್ಯಯದ ಮಾತು. ಗಾಡಿ ನಿಂತಿರುವಾಗ ರೇಡಿಯೋ ಒಂದು ಆಂಪಿಯರಿನಷ್ಟು ಎಳೆದರೂ ಹತ್ತು ಗಂಟೆಯಲ್ಲಿ 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯ ಕಾಲುಭಾಗಕ್ಕೂ ಹೆಚ್ಚು ಬರಿದಾಗುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಎಂಜಿನ್ ತಿರುಗಿಸಲು ಶಕ್ತಿ ಉಳಿಯದು. ರಸ್ತೆಯ ಸುದ್ದಿಯನ್ನು ಕೇಳಿದ ರೇಡಿಯೋವೇ ರಸ್ತೆಗಿಳಿಯದಂತೆ ಮಾಡಿದರೆ ಪ್ರಯೋಜನವೇನು? ಆದಕಾರಣ ಆಪತ್ಕಾಲದಲ್ಲಿ ಬೆಳಗ್ಗೆ ಸಂಜೆ ಸುದ್ದಿಯ ಹೊತ್ತಿಗೆ ಮಾತ್ರ ಹಚ್ಚಿ ಆರಿಸುವುದು ಕ್ರಮ. ಗಡಿಯಾರದ ನೆನಪಿಗಾಗಿ ಸದಾ ಸ್ವಲ್ಪ ಎಳೆಯುವ ಯಂತ್ರವಾದರೆ, ವಾರಗಟ್ಟಲೆ ನಿಲ್ಲುವ ಗಾಡಿಯಲ್ಲಿ ಆ ತಂತಿಗೂ ಒಂದು ಸ್ವಿಚ್ಚನ್ನು ಇಡುವುದು ಒಳ್ಳೆಯದು. ಗುಪ್ತಸಂಖ್ಯೆಯುಳ್ಳ ಯಂತ್ರಕ್ಕೆ ಮಾತ್ರ ಈ ಸ್ವಿಚ್ಚು ಸಲ್ಲದು, ಆರಿಸಿದಾಗಲೆಲ್ಲ ಅದು ಸಂಖ್ಯೆಯನ್ನು ಕೇಳೀತು. ಯಾವ ಗುಂಡಿ ಯಾವುದಕ್ಕೆ ಎಂಬುದನ್ನು ಮನೆಯ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ತಿಳಿಸಿರಬೇಕು. ಗಂಡಸರು ಹೊರಗೆ ಸಿಕ್ಕಿಕೊಂಡ ದಿನವೇ ಅದು ಹೆಚ್ಚು ಬೇಕಾಗುವುದು. ಹಾದಿಯಲ್ಲಿ ಹೋಗುವಾಗ ದನಿಯನ್ನು ತಗ್ಗಿಸಿರಬೇಕು. ಕಾಡಾನೆಗಳು ತಿರುಗಾಡುವ ಈ ಸೀಮೆಯಲ್ಲಿ, ಮಂಜು ಕವಿದ ತಿರುವುಗಳಲ್ಲಿ, ಎದುರು ಗಾಡಿಯ ಹಾರನ್ನೂ ಬಿದಿರು ಮುರಿಯುವ ಸದ್ದೂ ರೇಡಿಯೋವಿಗಿಂತ ಮೊದಲು ಕಿವಿಗೆ ಬೀಳತಕ್ಕವು.

ಹೊಳೆಯುವ ಮುಖವನ್ನು ನೋಡಿ ರೇಡಿಯೋವನ್ನು ಆರಿಸದೆ, ತನ್ನ ಗಾಡಿಯ ಬ್ಯಾಟರಿಗೂ ತನ್ನ ಗುಡ್ಡದ ನೆರಳಿಗೂ ಒಪ್ಪುವುದನ್ನು ಆರಿಸಿದವನಿಗೆ ಕೈಬದಲಾದ ಸರಕಿನಿಂದ ನಷ್ಟವಿಲ್ಲ. ಬೇಸಗೆ ಮುಗಿಯುವುದರೊಳಗೆ, ಮೊದಲ ಮಳೆ ಹೊಡೆಯುವ ಮುನ್ನ, ಈ ಕೆಲಸವನ್ನು ಮಾಡಿಸಿಕೊಂಡ ಗೃಹಸ್ಥರು ಆ ವರ್ಷದ ಶ್ರಾವಣದಲ್ಲಿ ನಮ್ಮ ಮಾತನ್ನು ನೆನೆದಾರು.